ಓರಿಯೆಂಟ್ ಎಕ್ಸ್‌ಪ್ರೆಸ್ಸಿನ ಏಳುಬೀಳು

ರಾತ್ರಿ ಒಂದು ರಾಜ್ಯದಲ್ಲಿ ಮಲಗಿ ಬೆಳಗ್ಗೆ ಮತ್ತೊಂದು ರಾಜ್ಯದಲ್ಲಿ ಕಣ್ದೆರೆಯುವುದು ಪೂರ್ವಕಾಲದಲ್ಲಿ ಕಥೆಗಳ ರಾಜಕುಮಾರರಿಗೆ ಮಾತ್ರ ಸಾಧ್ಯವಾಗಿದ್ದಿತು. ಯುರೋಪಿನ ಸಿರಿವಂತರಿಗೆ ಆ ಭಾಗ್ಯವನ್ನು ಒದಗಿಸಿದ ‘ಓರಿಯೆಂಟ್ ಎಕ್ಸ್‌ಪ್ರೆಸ್’ ಎಂಬ ರೈಲುಗಾಡಿಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಬೆಲ್ಜಿಯಂ ದೇಶದ ಜಾರ್ಜ್ ನಾಗೆಲ್‌ಮಾಕರ್ಸ್ ಎಂಬಾತನು ಅಮೆರಿಕಾದಲ್ಲಿ ಸಂಚರಿಸುತ್ತಿದ್ದಾಗ ಪುಲ್‌ಮನ್ ಎಂಬವನ ಶಯನದ ಗಾಡಿಗಳನ್ನು ಕಂಡನು. ಅಲ್ಲಿ ಹಾಸಿಗೆಗಳಿಗೆ ಪರದೆಯ ಮರೆ ಮಾತ್ರವಿದ್ದಿತು. ಈತನು ಬಾಗಿಲುಳ್ಳ ಕೊಠಡಿಗಳನ್ನೇ ಮಾಡಿಸಿದನು. ಆದರೆ ಕೊಠಡಿಗಳನ್ನು ಮಾಡಿಸುವುದು ಅಷ್ಟೇನೂ ಕಷ್ಟವಲ್ಲ. ಪರಸ್ಪರ ಶಂಕೆಯಿಂದ ನೋಡುತ್ತಿದ್ದ ಹಲವು ರಾಜ್ಯಗಳ ರೈಲ್ವೆಗಳೊಡನೆ ಒಪ್ಪಂದ ಮಾಡಿಕೊಂಡು, ತನ್ನ ಗಾಡಿಗಳನ್ನು ಅವರವರ ಎಂಜಿನುಗಳೇ ಎಳೆದೊಯ್ಯುವಂತೆ ಏರ್ಪಡಿಸಿದುದೇ ಆತನ ನಿಜವಾದ ಸಾಹಸ.

1883ನೆಯ ಇಸವಿ ಅಕ್ಟೋಬರ್ 4ರಂದು ಈ ರೈಲು ಪ್ಯಾರಿಸ್ಸಿನಿಂದ ವಿಧ್ಯುಕ್ತವಾಗಿ ಹೊರಟಿತು. ಆಗಿನ್ನೂ ಹಳಿಗಳು ಪೂರ್ಣವಾಗಿರಲಿಲ್ಲ. ಪ್ರಯಾಣಿಕರು ಡಾನ್ಯೂಬ್ ನದಿಯನ್ನು ನಾವೆಯಲ್ಲಿ ದಾಟಿ, ಬಲ್ಗೇರಿಯಾದಲ್ಲಿ ಬೇರೊಂದು ರೈಲನ್ನು ಹತ್ತಿ, ವರ್ನಾ ರೇವಿನಿಂದ ಹಡಗಿನಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೇರಿದರು. 1889ರಲ್ಲಿ ಆ ನಗರದವರೆಗೂ ಹಳಿ ಕೂಡಿತು. ಮುಂದೆ ರಹದಾರಿ ಪತ್ರಗಳ ಕಾಲ ಬಂದಾಗ, ಅವನ್ನು ಗಾಡಿಯ ಪರಿಚಾರಕನೇ ಇಟ್ಟುಕೊಂಡು ಗಡಿಯ ಅಧಿಕಾರಿಗಳಿಗೆ ತೋರಿಸುತ್ತಿದ್ದನು. ಮಲಗಿದವರ ನಿದ್ರೆ ಕೆಡುತ್ತಿರಲಿಲ್ಲ.

ಆದರೆ 1914ರಲ್ಲಿ ರಾಜ್ಯಗಳೇ ಕಾದಾಡತೊಡಗಲು ರೈಲು ನಿಂತಿತು. ವಿಧಿಯ ವೈಚಿತ್ರ್ಯವನ್ನು ನೋಡಿರಿ: 1918ನೆಯ ನವೆಂಬರ್ 11ರಂದು ಜರ್ಮನರು ಯುದ್ಧವಿರಾಮಕ್ಕೆ ರುಜು ಹಾಕಿದುದು ಇದೇ ಕಂಪೆನಿಯ ಊಟದ ಗಾಡಿಯಾಗಿದ್ದ 2419ನೆಯ ನಂಬರಿನ ಗಾಡಿಯಲ್ಲಿ! 1940ರಲ್ಲಿ ಹಿಟ್ಲರನು ಹಗೆ ತೀರಿಸಿಕೊಳ್ಳಲು ಫ್ರೆಂಚರಿಂದ ಅದೇ ಗಾಡಿಯಲ್ಲಿಯೇ ರುಜು ಹಾಕಿಸಿದನು. 1945ರಲ್ಲಿ ಅದು ನಾಶವಾಯಿತು.

ಎರಡು ಯುದ್ಧಗಳ ನಡುವೆ ಸಿಂಪ್ಲಾನ್ ಸುರಂಗದ ಮಾರ್ಗವಾಗಿ ಈ ರೈಲು ಮತ್ತೆ ವೈಭವದಿಂದ ಓಡಿದುದುಂಟು. ಎರಡನೆಯ ಯುದ್ಧದ ತರುವಾಯ ಯುರೋಪು ಇಬ್ಭಾಗವಾಯಿತು, ಗಡಿಗಳಲ್ಲಿ ತಪಾಸಣೆ ಬಿಗಿಯಾಯಿತು, ಸಿರಿವಂತರು ವಿಮಾನವನ್ನೇರಿದರು. 1977ನೆಯ ಮೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಇಸ್ತಾಂಬುಲಿಗೆ ನೇರವಾಗಿ ಹೋಗುತ್ತಿದ್ದ ಕೊನೆಯ ರೈಲು ಹೊರಟುಹೋಯಿತು. ಕಿರಿದಾದ ಮಾರ್ಗದಲ್ಲಿ ಉಳಿದಿದ್ದ ಹೆಸರೂ 2009ರಲ್ಲಿ ವೇಳಾಪಟ್ಟಿಯಿಂದ ಅಳಿಯಿತು. ಹಳೆಯ ಗಾಡಿಗಳನ್ನು ಜೀರ್ಣೋದ್ಧಾರ ಮಾಡಿ 1982ರಲ್ಲಿ ಹೊರಡಿಸಿದ ರೈಲು ವಿನೋದಯಾತ್ರೆಗಾಗಿ ಮಾತ್ರ.

ಮಖಮಲ್ಲಿನ ಆಸನವು ಹಣಕ್ಕೆ ದೊರೆಯುವುದು. ಗಡಿಯಲ್ಲಿ ಎಚ್ಚರಗೊಳ್ಳದೆ ಮಲಗುವ ಸುಖವಾದರೋ ನೆರೆಹೊರೆಯವರ ಸೌಹಾರ್ದದಿಂದ ಮಾತ್ರ ದೊರೆಯತಕ್ಕದ್ದು. ಈ ರೈಲಿನಲ್ಲಿ ನಿಜವಾಗಿ ಬೆಲೆಬಾಳುತ್ತಿದ್ದುದು ಅದೇ ಎಂದು ನಮಗೆ ತೋರುತ್ತದೆ.