ಶುಶ್ರೂಷೆಯೂ ಕಾಯಕವಲ್ಲವೇ?



ಮನೆಯ ಹಿರಿಯರು ಹಾಸಿಗೆ ಹಿಡಿದರೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನೋಡಲು ಬಂದವರು ಕೇಳುವ ಮಾತು, “ಸೊಸಿ ಹ್ಯಾಂಗ ನೋಡ್ಕೋತಾಳ?” ಎಂಬುದು. ಮಗ ಹೇಗೆ ನೋಡಿಕೊಳ್ಳುತ್ತಾನೆಂದು ಕೇಳುವವರು ವಿರಳ. ಜಾತಿಯಲ್ಲಿ, ಹೊಲದಲ್ಲಿ, ಹಣದಲ್ಲಿ ಅಸಮಾನತೆಯನ್ನು ಕಾಣುವ ನಮಗೆ ನಡುಮನೆಯೊಳಗಿನ ಅಸಮಾನತೆ ಕಾಣುವುದಿಲ್ಲ.

ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯು ಈ ದುಡಿಮೆಯನ್ನು ನಿಮಿಷಗಳಲ್ಲಿ ಅಳೆಯಿತು. ಮನೆಯವರ ಆರೈಕೆಯಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ವ್ಯಯಿಸುತ್ತಿದ್ದರು, ಪುರುಷರು 76 ನಿಮಿಷ. ಸಂಬಳವಿಲ್ಲದ ಮನೆಗೆಲಸಕ್ಕೆ ಸ್ತ್ರೀಯರು 299, ಪುರುಷರು 97. ಅದೂ ಮನೆಗೆಲಸಕ್ಕೆ ಕೈಹಚ್ಚುವ ಪುರುಷರೇ ನೂರಕ್ಕೆ 26 ಮಂದಿ!

ಕಾನೂನಿನ ಸಂಗತಿ ಇನ್ನೂ ವಿಚಿತ್ರವಾದುದು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಮಕ್ಕಳೆಂದರೆ ಮಗ, ಮಗಳು, ಮೊಮ್ಮಕ್ಕಳು ಎನ್ನುತ್ತದೆ, ಸೊಸೆಯನ್ನು ಹೆಸರಿಸುವುದಿಲ್ಲ. ಹೊಣೆ ಮಗನದು, ಹೊರುವವಳು ಸೊಸೆ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಪಡಿತರ ಚೀಟಿಯಲ್ಲಿ ಯಜಮಾನಿ ಎನಿಸಿದವಳಿಗೆ ಸಲ್ಲತಕ್ಕದ್ದು. ಅತ್ತೆಯೇ ಯಜಮಾನಿಯಾಗಿರುವಲ್ಲಿ ಸೊಸೆಯ ಕೈಗೆ ಏನೂ ಬಾರದು. (ಅತ್ತೆ-ಸೊಸೆಯರಲ್ಲಿ ಜಗಳ ಹಚ್ಚಲು ಇದನ್ನು ಬರೆಯುತ್ತಿಲ್ಲ.)

ಎಲ್ಲ ಮನೆಗಳ ಕಷ್ಟವೂ ಒಂದೇ ತೆರನಲ್ಲ. ಘಟಪ್ರಭೆಯ ಕಾಲುವೆ ನೀರಿನಲ್ಲಿ ಕಬ್ಬು ಬೆಳೆಯುವ ಹಿಡುವಳಿದಾರರು ಸಂಬಳ ಕೊಟ್ಟು ಆಳಿಡಬಲ್ಲರು. ಕೂಲಿಕಾರರ ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದರೆ ಸೊಸೆಯ ಕೂಲಿ ನಿಲ್ಲುತ್ತದೆ. ಅವಳು ಕೂಲಿಗೆ ಹೋದರೆ ಮಗಳ ಶಾಲೆ ನಿಲ್ಲುತ್ತದೆ. ಸಿರಿವಂತರ ಮನೆಗೆ ಸಂಬಳಕ್ಕೆ ಬರುವ ಹೆಣ್ಣುಮಗಳಾದರೂ ತನ್ನ ಮನೆಯ ಮುದುಕಿಯನ್ನು ಯಾರಿಗೆ ಒಪ್ಪಿಸಿ ಬಂದಿರುವಳೋ, ಕೇಳಿದವರುಂಟೇ? ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದವರಿಗೆ ಪಾಳಿ ಮುಗಿಯುವ ಹೊತ್ತೆಂಬುದಿತ್ತು, ವಾರದ ರಜೆಯಿತ್ತು. ರೋಗಿಯ ಮಗ್ಗುಲು ಬದಲಿಸುವವಳಿಗೆ ಇವೆರಡೂ ಇಲ್ಲ.

ಹನ್ನೆರಡನೆಯ ಶತಮಾನದಲ್ಲಿ ನೂಲುವವಳು ಕದಿರ ರೆಮ್ಮವ್ವೆಯಾದಳು, ಭತ್ತ ಕುಟ್ಟುವವಳು ಕೊಟ್ಟಣದ ಸೋಮಮ್ಮಳಾದಳು; ಹೆಣ್ಣಿನ ಕೈಗೆಲಸಕ್ಕೆ ಕಾಯಕದ ಮಾನ್ಯತೆ ದೊರೆಯಿತು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳು ದಾಸೋಹವನ್ನು ಕೂಡಿಯೇ ನಡೆಸಿದರು. ಅವರ ಹೆಸರು ಹೇಳುವ ನಮ್ಮ ಮನೆಗಳ ಗಂಡಸರು ಶುಶ್ರೂಷೆಯನ್ನು ಹೆಂಗಸರ ಪಾಲಿಗೆ ಬಿಟ್ಟು ಕಟ್ಟೆಗೆ ಹೋಗಿ ಕೂಡ್ರುವುದು ಯಾವ ನ್ಯಾಯ?

ಮಗನಾದವನು ತಂದೆಗೆ ಸ್ನಾನ ಮಾಡಿಸಬಹುದು, ತಾಯಿಗೆ ಗಂಜಿ ಉಣಿಸಬಹುದು, ಸರಿರಾತ್ರಿಯಲ್ಲಿ ಎದ್ದು ನೀರು ಕೊಡಬಹುದು. ಓಣಿಯ ಅಕ್ಕನ ಬಳಗದವರು ವಾರದಲ್ಲಿ ಒಂದು ಮಧ್ಯಾಹ್ನ ಸರದಿಯಂತೆ ರೋಗಿಯ ಬಳಿ ಕುಳಿತರೆ, ಎಷ್ಟೋ ದಿನದಿಂದ ಮುಂದೂಡುತ್ತ ಬಂದಿರುವ ತನ್ನ ಸೊಂಟನೋವಿಗಾಗಿ ಆ ಸೊಸೆ ದವಾಖಾನೆಗೆ ಹೋಗಿಬಂದಾಳು.