ಪಟ್ಟವಿಲ್ಲದ ಪಟ್ಟದರಸಿ

1914ರ ಜೂನ್ 28ರಂದು ಬಾಸ್ನಿಯದ ಸರಾಯೆವೊ ನಗರದಲ್ಲಿ ಆಸ್ಟ್ರಿಯದ ಯುವರಾಜ ಫ್ರಾಂಜ್ ಫರ್ಡಿನೆಂಡನ ಹತ್ಯೆಯಾಯಿತೆಂದೂ ಮೊದಲನೆಯ ಮಹಾಯುದ್ಧಕ್ಕೆ ಅದೇ ತತ್ಕ್ಷಣದ ಕಾರಣವೆಂದೂ ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಓದುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಗಳಿಸುತ್ತಾರೆ. ಅದೇ ಮೋಟಾರಿನಲ್ಲಿ ಅವನ ಪಕ್ಕದಲ್ಲಿ ಕುಳಿತು, ಅದೇ ಪಿಸ್ತೂಲಿನ ಗುಂಡಿಗೆ ಪ್ರಾಣತೆತ್ತ ಹೆಣ್ಣುಮಗಳಿಗೆ ಪಠ್ಯಪುಸ್ತಕದಲ್ಲಿ ದೊರೆಯುವ ಸ್ಥಳ ‘ಮತ್ತು ಆತನ ಪತ್ನಿ’ ಎಂಬ ಮೂರೇ ಮಾತು. ಕೆಲವು ಪುಸ್ತಕಗಳಲ್ಲಿ ಅದೂ ಇಲ್ಲ. ಆಕೆಯ ಹೆಸರು ಸೋಫೀ ಖೋಟೆಕ್. ಆ ಪುಸ್ತಕಗಳು ಆಕೆಗೆ ಮಾಡುತ್ತಿರುವ ಉಪೇಕ್ಷೆ ಹೊಸದಲ್ಲ. ಬದುಕಿದ್ದಾಗ ವಿಯೆನ್ನಾದ ಆಸ್ಥಾನವು ಹದಿನಾಲ್ಕು ವರ್ಷ ವಿಧಿವತ್ತಾಗಿ ಮಾಡಿದ ಉಪೇಕ್ಷೆಯ ಮುಂದುವರಿಕೆಯೇ ಅದು.

ಸೋಫೀ ಸಾಮಾನ್ಯ ಮನೆತನದ ಹೆಣ್ಣಲ್ಲವೆಂಬುದನ್ನು ಮೊದಲು ಗಮನಿಸಬೇಕು. ಖೋಟೆಕ್ ವಂಶವು ಬೊಹೀಮಿಯದ ಪ್ರಾಚೀನ ಕುಲೀನ ವಂಶಗಳಲ್ಲಿ ಒಂದು. ತಂದೆ ಕೌಂಟ್ ಬೊಹುಸ್ಲಾವ್ ಖೋಟೆಕ್ ಚಕ್ರವರ್ತಿಯ ರಾಯಭಾರಿ. ತಾಯಿಯಾದರೂ ಕಿನ್‌ಸ್ಕಿ ಎಂಬ ಹೆಸರಾಂತ ಮನೆತನದವಳು. 1868ರ ಮಾರ್ಚ್ 1ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಆಕೆಯ ಜನನ. ಆದರೆ ಕುಲಕ್ಕೆ ತಕ್ಕ ಸಿರಿ ಮನೆಯಲ್ಲಿರಲಿಲ್ಲ. ಆದುದರಿಂದ ಪ್ರೆಸ್‌ಬರ್ಗ್‌ನಲ್ಲಿದ್ದ ಇಸಾಬೆಲ್ಲಾ ಎಂಬ ಆರ್ಚ್‌ಡಚೆಸ್ಸಳ ಪರಿವಾರದಲ್ಲಿ ಸಖಿಯ ಊಳಿಗಕ್ಕೆ ಸೇರಬೇಕಾಯಿತು. ಯುವರಾಜನು ಆ ಮನೆಗೆ ಪದೇಪದೇ ಬರುತ್ತಿದ್ದುದನ್ನು ಕಂಡು, ತನ್ನ ಹೆಣ್ಣುಮಕ್ಕಳಲ್ಲೊಬ್ಬಳ ಕೈಹಿಡಿಯಲು ಬರುತ್ತಿರುವನೆಂದು ಇಸಾಬೆಲ್ಲಾ ಹಿಗ್ಗಿದ್ದಳು. ಅವನು ಮರೆತುಹೋದ ಗಡಿಯಾರದ ಮುಚ್ಚಳವನ್ನು ತೆರೆದಾಗ ಮಗಳ ಚಿತ್ರಕ್ಕೆ ಬದಲಾಗಿ ಸಖಿಯ ಚಿತ್ರ ಕಂಡಿತೆಂಬ ಕಥೆ ಪ್ರಸಿದ್ಧವಾಗಿದೆ.

ಹ್ಯಾಪ್ಸ್‌ಬರ್ಗ್ ವಂಶದ ಕಟ್ಟಳೆಯಂತೆ ರಾಜಕುಮಾರನ ವಧು ಆಳುವ ಅಥವಾ ಹಿಂದೆ ಆಳಿದ ಮನೆತನದವಳೇ ಆಗಬೇಕು. ಖೋಟೆಕರು ಆ ಸಾಲಿಗೆ ಸೇರಿದವರಲ್ಲ. ವೃದ್ಧ ಚಕ್ರವರ್ತಿ ಫ್ರಾಂಜ್ ಜೋಸೆಫ್ ಬಹುಕಾಲ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಒಂದು ನಿಬಂಧನೆಯ ಮೇಲೆ. ಇಂಥ ವಿವಾಹಕ್ಕೆ ಯೂರೋಪಿನಲ್ಲಿ ‘ಮಾರ್ಗನಾಟಿಕ್’ ಎಂದು ಹೆಸರು. ಮದುವೆಯ ಮರುದಿನ ಬೆಳಗ್ಗೆ ವರನು ವಧುವಿಗೆ ಕೊಡುವ ಕಾಣಿಕೆಯನ್ನು ಸೂಚಿಸುವ ಹಳೆಯ ಜರ್ಮನ್ ಪದವೊಂದು ಇದರ ಮೂಲವೆನ್ನುತ್ತಾರೆ: ಆ ಕಾಣಿಕೆಯಷ್ಟೇ ಆಕೆಯದು, ಮಿಕ್ಕುದೇನೂ ಇಲ್ಲ. ನಮ್ಮ ಧರ್ಮಶಾಸ್ತ್ರಗಳ ‘ಅನುಲೋಮ’ ಎಂಬ ಮಾತು ಇದರ ಸಮೀಪಕ್ಕೆ ಬರುತ್ತದೆ. ಮನುಷ್ಯರನ್ನು ಹುಟ್ಟಿನಿಂದ ಅಳೆಯುವ ವಿದ್ಯೆಯಲ್ಲಿ ಪೂರ್ವಪಶ್ಚಿಮಗಳಿಗೆ ಭೇದವಿದ್ದಂತಿಲ್ಲ!

1900ರ ಜೂನ್ 28ರಂದು ವಿಯೆನ್ನಾದ ಹೋಫ್‌ಬರ್ಗ್ ಅರಮನೆಯಲ್ಲಿ, ಆರ್ಚ್‌ಡ್ಯೂಕರು ಮತ್ತು ಮಂತ್ರಿಗಳ ಸಮಕ್ಷಮದಲ್ಲಿ, ಯುವರಾಜನು ಪ್ರಮಾಣ ಮಾಡಿದನು: ತನ್ನ ಪತ್ನಿ ಎಂದಿಗೂ ಸಾಮ್ರಾಜ್ಞಿಯಾಗಳು; ಹುಟ್ಟುವ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ. ಜುಲೈ 1ರಂದು ಬೊಹೀಮಿಯದ ರೈಷ್‌ಸ್ಟಾಟ್‌ನಲ್ಲಿ ಮದುವೆ ನಡೆಯಿತು. ಚಕ್ರವರ್ತಿ ಬರಲಿಲ್ಲ. ವರನ ಸ್ವಂತ ತಮ್ಮಂದಿರೂ ಬರಲಿಲ್ಲ. ಬಂದವರು ಮಲತಾಯಿ ಮಾರಿಯಾ ತೆರೇಸಾ ಮತ್ತು ಆಕೆಯ ಇಬ್ಬರು ಹೆಣ್ಣುಮಕ್ಕಳು ಮಾತ್ರ.

ಅನಂತರದ ಕಥೆ ಆಸನಗಳ ಕಥೆ. ಆಸ್ಥಾನದ ಮೆರವಣಿಗೆಯಲ್ಲಿ ಯುವರಾಜನು ಮುಂದೆ. ಅವನ ಧರ್ಮಪತ್ನಿಯಾದರೋ ಅತ್ಯಂತ ಕಿರಿಯ ಆರ್ಚ್‌ಡಚೆಸ್ಸಳಿಗಿಂತಲೂ ಹಿಂದೆ. ನಾಟಕಶಾಲೆಯ ರಾಜಾಸನದಲ್ಲಿ ಪತಿಯ ಪಕ್ಕದಲ್ಲಿ ಕುಳಿತುಕೊಳ್ಳುವಂತಿಲ್ಲ. 1909ರಲ್ಲಿ ಹೋಹೆನ್‌ಬರ್ಗಿನ ಡಚೆಸ್ ಎಂಬ ಬಿರುದು ದೊರೆಯಿತಾದರೂ ಹಿಂದಿನ ಸ್ಥಾನ ಹಿಂದೆಯೇ ಉಳಿಯಿತು. 1913ರ ನವೆಂಬರಿನಲ್ಲಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಈ ದಂಪತಿಗಳನ್ನು ವಿಂಡ್ಸರ್ ಅರಮನೆಯಲ್ಲಿ ಅತಿಥಿಗಳಾಗಿ ಸತ್ಕರಿಸಿದನು; ಪರದೇಶದಲ್ಲಿ ದೊರೆತ ಮರ್ಯಾದೆ ಸ್ವಂತ ಮನೆಯಲ್ಲಿ ದೊರೆಯಲಿಲ್ಲ. ಸೋಫೀ ಇದಕ್ಕೆಲ್ಲ ಬಹಿರಂಗವಾಗಿ ರೋದಿಸಿದವಳಲ್ಲ, ಕಲಹಕ್ಕಿಳಿದವಳೂ ಅಲ್ಲ. ಕೋನೊಪಿಷ್ಟೆಯ ಕೋಟೆಮನೆಯಲ್ಲಿ ಸೋಫೀ, ಮ್ಯಾಕ್ಸಿಮಿಲಿಯನ್, ಅರ್ನ್‌ಸ್ಟ್ ಎಂಬ ಮೂವರು ಮಕ್ಕಳನ್ನು ಸಾಕಿ ಸಲಹಿದಳು. ಆ ಮನೆಯ ದಾಂಪತ್ಯ ಸುಖಮಯವಾಗಿತ್ತೆಂಬುದನ್ನು ಯುವರಾಜನ ವಿರೋಧಿಗಳೂ ಅಲ್ಲಗಳೆದಿಲ್ಲ.

ಕಟ್ಟಳೆ ಕಟ್ಟಳೆಯೇ, ವೃದ್ಧ ಚಕ್ರವರ್ತಿ ಏನು ಮಾಡಿಯಾನು ಎಂದು ವಾದಿಸುವವರುಂಟು. ಈ ವಾದ ನಿಲ್ಲುವುದಿಲ್ಲ. ಹಂಗೇರಿಯ ನ್ಯಾಯಶಾಸ್ತ್ರಕ್ಕೆ ಇಂಥ ಅರೆಮದುವೆಯ ಕಲ್ಪನೆಯೇ ಇರಲಿಲ್ಲ. ಯುವರಾಜನ ಪ್ರಮಾಣವನ್ನು ಅಲ್ಲಿಯ ಸಂಸತ್ತು 1900ರಲ್ಲಿ ಪ್ರತ್ಯೇಕ ಶಾಸನದಿಂದ ಅಂಗೀಕರಿಸಬೇಕಾಯಿತು. ಬೇಡವೆಂದಾಗ ಕಾನೂನನ್ನು ಹೊಸದಾಗಿ ಹೆಣೆಯಬಲ್ಲವರಿಗೆ ಬೇಕೆಂದಾಗ ಒಂದು ಕುರ್ಚಿಯನ್ನು ಸರಿಸುವುದು ಅಸಾಧ್ಯವಾಗಿತ್ತೆಂದು ನಂಬುವುದು ಹೇಗೆ?

ಹಾಗೆಂದು ಫ್ರಾಂಜ್ ಫರ್ಡಿನೆಂಡನನ್ನು ಸಮತೆಯ ಪುರುಷನೆಂದು ಕೊಂಡಾಡುವುದೂ ಸಲ್ಲದು. ಅವನು ಮುಂಗೋಪಿ, ಬೇಟೆಯಲ್ಲಿ ಕೊಂದ ಪ್ರಾಣಿಪಕ್ಷಿಗಳ ಸಂಖ್ಯೆ ಎರಡೂವರೆ ಲಕ್ಷವನ್ನು ಮೀರಿತ್ತೆಂದು ಅವನದೇ ದಾಖಲೆಗಳು ಸಾರುತ್ತವೆ. ಇದಕ್ಕಿಂತ ವಿಷಾದಕರವಾದ ಸಂಗತಿಯೊಂದಿದೆ. ಅವನ ತಮ್ಮ ಫರ್ಡಿನೆಂಡ್ ಕಾರ್ಲ್ ಪ್ರಾಧ್ಯಾಪಕನೊಬ್ಬನ ಮಗಳನ್ನು ಪ್ರೀತಿಸಿ ಗುಟ್ಟಾಗಿ ವರಿಸಿದಾಗ, ಆ ಸಂಬಂಧವನ್ನು ಬಲವಾಗಿ ವಿರೋಧಿಸಿದವರಲ್ಲಿ ಈ ಅಣ್ಣನೂ ಒಬ್ಬ. 1911ರಲ್ಲಿ ತಮ್ಮನು ಬಿರುದುಬಾವಲಿಗಳನ್ನೆಲ್ಲ ಕಳೆದುಕೊಂಡು ಸಾಮಾನ್ಯ ಪ್ರಜೆಯಾಗಬೇಕಾಯಿತು. ತನ್ನ ಹೆಂಡತಿಗೆ ಆದ ಅವಮಾನ ಅನ್ಯಾಯವೆಂದು ಕಂಡವನಿಗೆ ತಮ್ಮನ ಹೆಂಡತಿಯ ವಿಷಯದಲ್ಲಿ ಅದೇ ಅನ್ಯಾಯ ಧರ್ಮವಾಗಿ ಕಂಡಿತು. ಮೇಲಿನ ಮೆಟ್ಟಿಲಿನಿಂದ ತಳ್ಳಿಸಿಕೊಂಡವನೂ ಕೆಳಗಿನ ಮೆಟ್ಟಿಲಿನವನನ್ನು ತಳ್ಳದೆ ಬಿಡುವುದಿಲ್ಲ.

ಸರಾಯೆವೊಗೆ ಯುವರಾಜನು ಹೋದದ್ದು ಸೇನೆಯ ಮೇಲ್ವಿಚಾರಕನಾಗಿ. ವಿಯೆನ್ನಾದ ಆಸ್ಥಾನಕ್ರಮ ಅಲ್ಲಿ ಅಷ್ಟಾಗಿ ಅನ್ವಯಿಸದ ಕಾರಣ, ತೆರೆದ ಮೋಟಾರಿನಲ್ಲಿ ಪತಿಯ ಪಕ್ಕದಲ್ಲಿ, ಪ್ರಜೆಗಳೆದುರಿಗೆ ಕುಳಿತುಕೊಳ್ಳುವ ಅವಕಾಶ ಸೋಫೀಗೆ ಒದಗಿತು. ಪ್ರಮಾಣಕ್ಕೆ ಅಂದು ಸರಿಯಾಗಿ ಹದಿನಾಲ್ಕು ವರ್ಷ. ಬೆಳಗ್ಗೆ ಎಸೆದ ಬಾಂಬು ಗುರಿತಪ್ಪಿ ಹಿಂದಿನ ವಾಹನದಲ್ಲಿದ್ದವರನ್ನು ಗಾಯಗೊಳಿಸಿತು. ಪುರಭವನದಿಂದ ಹೊರಟು ಗಾಯಾಳುವನ್ನು ನೋಡಲು ಆಸ್ಪತ್ರೆಗೆ ಹೋಗುವೆನೆಂದು ಯುವರಾಜನು ನಿರ್ಧರಿಸಿದಾಗ, ಆಕೆ ಜೊತೆಯಲ್ಲಿ ಬರಬೇಕಾಗಿರಲಿಲ್ಲ. ಬಿಟ್ಟಿರಲಾರೆನೆಂದು ಹಟಹಿಡಿದು ಹೊರಟಳು. ಚಾಲಕನು ದಾರಿತಪ್ಪಿ ಮೋಟಾರನ್ನು ನಿಲ್ಲಿಸಿದ ತಾಣದಲ್ಲಿಯೇ ಗವ್ರಿಲೊ ಪ್ರಿನ್ಸಿಪ್ ನಿಂತಿದ್ದನು. ಮಕ್ಕಳಿಗಾಗಿ ನೀನು ಬದುಕಿರಬೇಕೆಂದು ಯುವರಾಜನು ಮಡದಿಯನ್ನು ಬೇಡಿಕೊಂಡುದನ್ನು ಮೋಟಾರಿನ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದ ಕೌಂಟ್ ಹರಾಖ್ ಕೇಳಿಸಿಕೊಂಡನು. ಆಕೆ ಬದುಕಲಿಲ್ಲ, ಅವನೂ ಬದುಕಲಿಲ್ಲ.

ಮರಣವೂ ಕಟ್ಟಳೆಯನ್ನು ಸಡಿಲಿಸಲಿಲ್ಲ. ಹೋಫ್‌ಬರ್ಗ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ ಎರಡು ಶವಪೆಟ್ಟಿಗೆಗಳನ್ನು ಇರಿಸಿದಾಗ ಸೋಫೀಯ ಪೆಟ್ಟಿಗೆ ಪತಿಯದಕ್ಕಿಂತ ತಗ್ಗಿನಲ್ಲಿತ್ತು. ಅವನ ಪೆಟ್ಟಿಗೆಯ ಬಳಿ ಪದವಿಯ ಲಾಂಛನಗಳು. ಆಕೆಯದರ ಮೇಲೆ ಬಿಳಿಯ ಕೈಗವಸು ಮತ್ತು ಕಪ್ಪು ಬೀಸಣಿಗೆ, ಎಂದರೆ ಎಂದೋ ಬಿಟ್ಟುಬಂದ ಸಖಿಯ ಊಳಿಗದ ಕುರುಹು. ಈ ತಾರತಮ್ಯವನ್ನು ಸಹಿಸದ ಅನೇಕ ಕುಲೀನರು ಆ ರಾತ್ರಿ ಆಹ್ವಾನವಿಲ್ಲದಿದ್ದರೂ ಶವಯಾತ್ರೆಯಲ್ಲಿ ಕಾಲ್ನಡಿಗೆಯಿಂದ ಸೇರಿಕೊಂಡರು.

ಚಕ್ರವರ್ತಿಗಳ ಸಮಾಧಿಗಳಿರುವ ಕಪೂಚಿನ್ ಮಠದ ನೆಲಮಾಳಿಗೆಯಲ್ಲಿ ಮಡದಿಗೆ ಸ್ಥಳ ದೊರೆಯದೆಂದು ಯುವರಾಜನು ಮೊದಲೇ ಬಲ್ಲವನಾಗಿದ್ದನು. ಆದುದರಿಂದಲೇ ತನ್ನ ಆರ್ಟ್‌ಸ್ಟೆಟನ್ ಕೋಟೆಯಲ್ಲಿ ಬೇರೊಂದು ಸಮಾಧಿಗೃಹವನ್ನು ಕಟ್ಟಿಸಿಟ್ಟಿದ್ದನು. ಗುಡುಗುಮಳೆಯ ಇರುಳಿನಲ್ಲಿ ಪೆಟ್ಟಿಗೆಗಳು ಡ್ಯಾನ್ಯೂಬ್ ನದಿಯನ್ನು ದಾಟಿ ಅಲ್ಲಿಗೆ ಸೇರಿದವು. 1918ರಲ್ಲಿ ಸಾಮ್ರಾಜ್ಯ ಅಳಿಯಿತು. 1919ರ ಏಪ್ರಿಲಿನಲ್ಲಿ ಆಸ್ಟ್ರಿಯದ ಗಣರಾಜ್ಯವು ಕುಲೀನರ ಬಿರುದುಗಳನ್ನೆಲ್ಲ ಶಾಸನದಿಂದ ರದ್ದುಗೊಳಿಸಿತು. ಆರ್ಟ್‌ಸ್ಟೆಟನ್ನಿನ ನೆಲಮಾಳಿಗೆಯಲ್ಲಿ ಆ ಇಬ್ಬರೂ ಅಕ್ಕಪಕ್ಕದಲ್ಲಿ ಮಲಗಿದ್ದಾರೆ.