ಕಾಮರ್ಸ್ ಓದಿಗೆ ಕನ್ನಡ ಅಡ್ಡಿಯೇ?

ಪೋಷಕರೇ, ಮಗು ಎಂಟನೇ ತರಗತಿಗೆ ಬಂತೆಂದರೆ ನಿಮ್ಮಲ್ಲಿ ಹಲವರಿಗೆ ಒಂದೇ ಚಿಂತೆ: "ಮುಂದೆ ಕಾಮರ್ಸ್ ತೆಗೆದುಕೊಂಡರೆ ಅಕೌಂಟೆನ್ಸಿ ತಲೆಗೆ ಹತ್ತುತ್ತದೆಯೇ ಸಾರ್? ಈಗಲೇ ಇಂಗ್ಲಿಷ್ ಮೀಡಿಯಂಗೆ ಸೇರಿಸಿಬಿಡೋಣವೇ?" ತೀರ್ಮಾನಕ್ಕೆ ಮೊದಲು ಒಬ್ಬ ಪ್ರಾಧ್ಯಾಪಕರ ಓದಿನ ದಾರಿ ನೋಡಿ.

ಯೂಜಿ ಇಜಿರಿ ಹುಟ್ಟಿದ್ದು 1935ರಲ್ಲಿ, ಜಪಾನಿನ ಕೋಬೆಯಲ್ಲಿ. 1956ರಲ್ಲಿ ಕ್ಯೋಟೋದ ರಿತ್ಸುಮೈಕಾನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಅಲ್ಲಿಯವರೆಗಿನ ಓದೆಲ್ಲ ತಾಯ್ನಾಡಿನಲ್ಲೇ, ಜಪಾನಿ ಭಾಷೆಯಲ್ಲೇ. ಆಮೇಲೆ ಅಮೆರಿಕಕ್ಕೆ ಹೋಗಿ 1960ರಲ್ಲಿ ಮಿನ್ನೆಸೋಟದಲ್ಲಿ ಸ್ನಾತಕೋತ್ತರ ಪದವಿ, 1963ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲವು ವರ್ಷ ಪಾಠ ಹೇಳಿ, 1967ರಲ್ಲಿ ಕಾರ್ನೆಗಿಗೇ ಮರಳಿದರು. 1982-83ರಲ್ಲಿ ಅಮೆರಿಕದ ಅಕೌಂಟಿಂಗ್ ಅಧ್ಯಾಪಕರ ಸಂಘಕ್ಕೇ ಅಧ್ಯಕ್ಷರಾದರು.

ಅವರ ಹೆಸರು ಉಳಿದಿರುವುದು ಒಂದು ಸರಳ ಪ್ರಶ್ನೆಯಿಂದ. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆಯುತ್ತೇವೆ. ಈಗ ಏನಿದೆ, ಅದು ಹೇಗೆ ಬಂತು ಎಂಬುದು ಅದರಿಂದ ತಿಳಿಯುತ್ತದೆ. ಮೂರನೆಯದೊಂದು ನಮೂದು ಸಾಧ್ಯವೇ ಎಂದು ಇಜಿರಿ ಕೇಳಿದರು. ಗಳಿಕೆಯ ವೇಗ ಏರುತ್ತಿದೆಯೋ ಇಳಿಯುತ್ತಿದೆಯೋ, ಅದಕ್ಕೆ ಕಾರಣವೇನು ಎಂಬುದನ್ನೂ ಲೆಕ್ಕದಲ್ಲಿ ತೋರಿಸುವ ಕ್ರಮವನ್ನು 1982ರಲ್ಲಿ ಮುಂದಿಟ್ಟರು. ಹೊಸೂರಿನ ಗುಲಾಬಿ ಬೆಳೆಗಾರನಿಗೆ ಈ ಪ್ರಶ್ನೆ ಕನ್ನಡದಲ್ಲೇ ಅರ್ಥವಾಗುತ್ತದೆ.

"ಅವರದು ಜಪಾನ್, ನಮ್ಮದು ಗಡಿನಾಡು" ಎನ್ನುತ್ತೀರಿ. ಮಾತು ಸರಿಯೇ. ಆದರೆ ಜಪಾನಿಗೂ ಆ ಅನುಕೂಲ ತಾನಾಗಿ ಬರಲಿಲ್ಲ. 1873ರಲ್ಲೇ ಫುಕುಜಾವಾ ಯುಕಿಚಿ ಎಂಬ ವಿದ್ವಾಂಸರು ಅಮೆರಿಕದ ಲೆಕ್ಕ ಬರೆಯುವ ಪಠ್ಯವೊಂದನ್ನು ಜಪಾನಿಗೆ ಅನುವಾದಿಸಿದ್ದರು. ಕಲಿಯುವವನ ಭಾಷೆಗೆ ಪುಸ್ತಕ ಮೊದಲು ಬಂತು, ಪ್ರಾಧ್ಯಾಪಕರು ಆಮೇಲೆ ಬಂದರು.

ನಮ್ಮ ಮಕ್ಕಳಿಗಿರುವ ಕಷ್ಟ ಕನ್ನಡದ್ದಲ್ಲ, ಸೇತುವೆ ಇಲ್ಲದ್ದು. ಹತ್ತರವರೆಗೆ ಕನ್ನಡದಲ್ಲಿ ಓದಿದವರು ಹನ್ನೊಂದರಲ್ಲಿ ಏಕಾಏಕಿ ತಮಿಳಿಗೋ ಇಂಗ್ಲಿಷಿಗೋ ಹಾರಬೇಕಾಗುತ್ತದೆ. ಹಾಗಾಗಿ ಶಾಲೆಯ ಪೋಷಕರ ಸಭೆಯಲ್ಲಿ ಟಿ.ಸಿ. ಕೇಳಬೇಡಿ, ಇದನ್ನು ಕೇಳಿ: ಒಂಬತ್ತನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿಸಲಿ. ಬಂಡವಾಳ, ಸಾಲ, ಆಸ್ತಿ, ಸವಕಳಿ ಇಂಥ ಪದಗಳನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪಟ್ಟಿ ಮಾಡಿಕೊಡಲಿ. ಹತ್ತರ ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ತಿಂಗಳು ಸೇತು ತರಗತಿ ನಡೆಯಲಿ.

ಮನೆಯಲ್ಲಿ ನೀವೂ ಒಂದು ಕೆಲಸ ಮಾಡಿ. ತಿಂಗಳ ಜಮಾ ಖರ್ಚನ್ನು ಮಗುವಿನ ಕೈಯಲ್ಲಿ ಕನ್ನಡದಲ್ಲೇ ಬರೆಸಿ. ಲೆಕ್ಕದ ಅರ್ಥ ತಿಳಿದ ಮಗುವಿಗೆ ಇನ್ನೊಂದು ಭಾಷೆಯ ಪದ ಕಲಿಯಲು ಹೆಚ್ಚು ದಿನ ಬೇಡ.